ಖಾವ್‌ಜೀ ವಿಚಾರವಾಗಿ

ಬಾನ್ ಹಾಟ್‌ಸಾಯ್, ಮೆಕಾಂಗ್ ದಂಡೆ
ಜುಲೈ ೨೮

ಪೀ ಯೂನ್,

ಹೀಗೆ ಬರೆಯಬಾರದಂತೆ. ನೀವು ಕಾವಿ ಉಟ್ಟ ಮೇಲೆ ಬರೀ 'ಪೀ' ಅನ್ನುವಂತಿಲ್ಲ, ಮುಂದೆ 'ಲುವಾಂಗ್' ಸೇರಿಸಿ 'ಲುವಾಂಗ್ ಪೀ' ಅಂತ ಪೂಜ್ಯರನ್ನು ಕರೆದ ಹಾಗೆ ಕರೆಯಬೇಕು ಎಂದು ಪಕ್ಕದ ಮನೆ ಮುವಾನ್ ಚಿಕ್ಕಮ್ಮ ಹೇಳಿಕೊಟ್ಟಿದ್ದಾಳೆ. ಮದುವೆಯಾದಾಗಿನಿಂದ ಒಂದೇ ರೀತಿ ಕರೆದ ಬಾಯಿ ಒಂದು ಮಳೆಗಾಲದ ಮಟ್ಟಿಗೆ ಹೇಗೆ ತಿರುಗೀತು? ನಿಮ್ಮ ಗುರುಗಳು ಕಾಗದ ಓದುವವರಾದರೆ ನನ್ನನ್ನು ಕ್ಷಮಿಸಲಿ. ವಿಹಾರದೊಳಕ್ಕೆ ಫೋನು ಬಿಡದವರೂ ಅವರೇ ಅಲ್ಲವೆ.

ನಾನು ಚೆನ್ನಾಗಿದ್ದೇನೆ. ಮೀನುಗಳೂ ಚೆನ್ನಾಗಿವೆ. ಹೊಳೆಯಲ್ಲಿ ತೇಲುವ ಮೂರನೆಯ ಮೀನುಗೂಡಿನ ಬಲೆಯನ್ನು ಆಮೆಯೊಂದು ಹರಿದಿತ್ತು, ಹೊಲಿದೆ. ನಿಮ್ಮ ಅಮ್ಮನ ಪಟದ ಮುಂದೆ ದಿನಾ ಅನ್ನ ಇಡುತ್ತಿದ್ದೇನೆ. 'ನಿಮ್ಮ ಮಗ ನಿಮ್ಮ ಹೆಸರಲ್ಲಿ ಮಳೆಗಾಲ ಪೂರ್ತಿ ಭಿಕ್ಷುವಾಗಿದ್ದಾನೆ, ಈಗಲಾದರೂ ಸಮಾಧಾನವಾಯಿತೇ' ಎಂದು ಕೇಳುತ್ತೇನೆ. ಅವರು ಇದ್ದಾಗಲೂ ನನಗೆ ಉತ್ತರ ಕೊಟ್ಟವರಲ್ಲ.

ಬರೆಯಲು ಕೂತದ್ದು ಖಾವ್‌ಜೀ ವಿಚಾರಕ್ಕೆ. ನೀವು ಹೋದ ವಾರದಿಂದ ಅವನು ಮನೆಯಲ್ಲಿ ನಿಲ್ಲುತ್ತಿಲ್ಲ. ನೂಡಲ್ಸ್ ಅಂಗಡಿಯವರ ಹೆಣ್ಣುನಾಯಿ ಬೆದೆಗೆ ಬಂದಿದೆ. ಊರಿನ ಗಂಡುನಾಯಿಗಳೆಲ್ಲ ಅಲ್ಲಿಯೇ ಠಿಕಾಣಿ. ಮೊನ್ನೆ ಕಿವಿ ಹರಿದುಕೊಂಡು ಬಂದ, ಅರಿಸಿನ ಹಚ್ಚಿ ಕಟ್ಟಿಹಾಕಿದೆ, ಹಗ್ಗ ಕಡಿದು ಮತ್ತೆ ಹೋದ. ಗೂಡುಗಳನ್ನು ಕಟ್ಟಿದ ತೆಪ್ಪದ ಮೇಲೆ ಕಾವಲಿಲ್ಲ. ಮುವಾನ್ ಚಿಕ್ಕಮ್ಮ ಬೇಲಿಯಾಚೆಯಿಂದ ಎಲ್ಲರಿಗೂ ಕೇಳುವ ಹಾಗೆ, "ಬುವಾ, ನಿನ್ ಗಂಡ ಕಾವಿ ಉಟ್ಟ, ನಿನ್ ನಾಯಿ ಅವನ ಪಾಲಿಂದೂ ಸೇರಿಸಿ ತಿರುಗ್ತಾ ಇದೆ ನೋಡು" ಅಂದಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಬರುವ ತಿಂಗಳು ಊರಿನ ದೇವಾಲಯದ ಅಂಗಳಕ್ಕೆ ಜಿಲ್ಲೆಯ ಪಶುವೈದ್ಯರು ಬರುತ್ತಾರಂತೆ. ಗಂಡುನಾಯಿಗಳಿಗೆ ಬೀಜ ತೆಗೆಯುವ ಆಪರೇಷನ್, ಪುಕ್ಕಟೆ. ಮಾಡಿಸಿದರೆ ಅಲೆಯುವುದು ಕಡಿಮೆಯಾಗುತ್ತದೆ, ಕಚ್ಚಾಟವೂ ನಿಲ್ಲುತ್ತದೆ ಅನ್ನುತ್ತಾರೆ. ಪ್ರಾಣಿಗೆ ಹಾಗೆ ಮಾಡಿಸಿದವರಿಗೆ ಮುಂದಿನ ಜನ್ಮದಲ್ಲಿ ಅದೇ ಗತಿ ಎಂದು ಚಿಕ್ಕಮ್ಮ ಹೆದರಿಸುತ್ತಾಳೆ. ನನಗೆ ಮುಂದಿನ ಜನ್ಮದ ಚಿಂತೆಯಿಲ್ಲ. ಆದರೆ ಅವನು ನಿಮ್ಮ ನಾಯಿ. ಪ್ರವಾಹದಲ್ಲಿ ಬಾಳೆದಿಂಡಿನ ಮೇಲೆ ತೇಲಿ ಬರುತ್ತಿದ್ದ ಮರಿಯನ್ನು ಹಿಡಿದವರು ನೀವು, ಕೆಂಡದ ಮೇಲೆ ಸುಟ್ಟ ಅನ್ನದುಂಡೆಯ ಬಣ್ಣ ಎಂದು ಖಾವ್‌ಜೀ ಅಂತ ಹೆಸರಿಟ್ಟವರೂ ನೀವು. ಏನು ಮಾಡಲಿ, ತಿಳಿಸಿ.

ನಿಮ್ಮ
ಬುವಾ

*

ಬೆಟ್ಟದ ವಿಹಾರ
ಆಗಸ್ಟ್ ೯

ಬುವಾ,

ನಿನ್ನ ಕಾಗದ ಬಂದಾಗ ಅಂಗಳ ಗುಡಿಸುತ್ತಿದ್ದೆ. ಗುಡಿಸಿ ಮುಗಿಸುವವರೆಗೆ ಒಡೆಯಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಅರ್ಧ ಗುಡಿಸಿ ಒಡೆದೆ.

ಗುರುಗಳು ಕಾಗದ ಓದುವುದಿಲ್ಲ, ಹೆದರಬೇಡ. ಇಲ್ಲಿ ನಾವು 'ನಾನು' ಅನ್ನುವಂತಿಲ್ಲ, 'ಆತ್ಮ' ಅನ್ನಬೇಕು. ಮೊದಲ ವಾರ 'ಆತ್ಮಕ್ಕೆ ಹಸಿವಾಗಿದೆ' ಎಂದುಬಿಟ್ಟೆ. ಪಕ್ಕದಲ್ಲಿದ್ದ ಮುದುಕ ಭಿಕ್ಷುಗಳು ಬಟ್ಟಲು ಕೆಳಗಿಟ್ಟು ನಕ್ಕರು. ದಿನಕ್ಕೆ ಒಂದೇ ಊಟ, ಅದೂ ಬೆಳಗ್ಗೆ. ಕಷ್ಟವೆಲ್ಲ ಸಂಜೆಯದು. ನೀನು ಮೀನಿಗೆ ಉಪ್ಪು ಸವರಿ ಕೆಂಡದ ಮೇಲೆ ಇಡುವ ಹೊತ್ತಾಯಿತು ಎಂದು ಹೊಟ್ಟೆಗೆ ತಾನಾಗಿ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಕೂತರೆ ಉಸಿರು ಕಾಣಬೇಕು ಅನ್ನುತ್ತಾರೆ, ನನಗೆ ಕಾಣುವುದು ತೆಪ್ಪದ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು ಬಲೆ ಹೊಲಿಯುವ ನೀನು. ಇದನ್ನು ಬರೆಯಬಾರದಾಗಿತ್ತು.

ಖಾವ್‌ಜೀಗೆ ಏನೂ ಮಾಡಿಸಬೇಡ. ಅವನು ಗಂಡು, ನಾಲ್ಕು ದಿನ ಅಲೆದು ಬರುತ್ತಾನೆ. ಅಕ್ಕಿ ಗಿರಣಿಯವರ ನಾಯಿ ಆಪರೇಷನ್ ಆದ ಮೇಲೆ ಹಂದಿಯ ಹಾಗೆ ಊದಿಕೊಂಡು ಕಳ್ಳ ಬಂದರೂ ಬಾಲ ಆಡಿಸುತ್ತದೆ. ನಮ್ಮ ತೆಪ್ಪಕ್ಕೆ ಅಂಥದ್ದು ಬೇಡ. ಮಳೆಗಾಲ ಮುಗಿದ ಹುಣ್ಣಿಮೆಯ ಮರುದಿನ ಬಸ್ಸು ಹತ್ತುತ್ತೇನೆ. ನಾನು ಬಂದ ಮೇಲೆ ಇಬ್ಬರೂ ಕೂತು ತೀರ್ಮಾನ ಮಾಡೋಣ. ಅಲ್ಲಿಯವರೆಗೆ ಕಾಯಿ.

ಕಾಗದ ಬರೆ. ಉದ್ದವಾಗಿಯೇ ಬರೆ.

ಯೂನ್

*

ಬಾನ್ ಹಾಟ್‌ಸಾಯ್
ಆಗಸ್ಟ್ ೨೭

ಪೀ ಯೂನ್,

ಪಶುವೈದ್ಯರು ಬಂದು ಹೋದರು. ನೀವು ಬೇಡ ಅಂದಿದ್ದರೂ ನಾನು ಖಾವ್‌ಜೀಯನ್ನು ಹಗ್ಗ ಹಾಕಿ ಕರೆದುಕೊಂಡು ಹೋಗಿದ್ದೆ. ಹಿಂದಿನ ದಿನ ಅವನು ಮುವಾನ್ ಚಿಕ್ಕಮ್ಮನ ಮುದಿನಾಯಿಯನ್ನು ಕೆಡವಿ ಕುತ್ತಿಗೆ ಹಿಡಿದಿದ್ದ, ನೀರು ಎರಚಿ ಬಿಡಿಸಬೇಕಾಯಿತು. ಸಿಟ್ಟಿನಲ್ಲಿ ಹೊರಟುಬಿಟ್ಟೆ. ಸಾಲು ಉದ್ದ ಇತ್ತು. ನಮ್ಮ ಸರದಿ ಹತ್ತಿರ ಬಂದಾಗ ಅವನು ಕೂತು ನನ್ನ ಮೊಣಕಾಲಿಗೆ ಒರಗಿದ. ನಾನು ಸಾಲು ಬಿಟ್ಟು ಹೊರಬಂದೆ. ವೈದ್ಯೆ ಚಿಕ್ಕ ವಯಸ್ಸಿನವಳು, ನಾರಿನ್ ಅಂತ ಹೆಸರು. "ಯಾಕಕ್ಕಾ, ಹೆದರಿಕೆನಾ?" ಎಂದು ಕೂಗಿ ಕೇಳಿದಳು.

"ನಾಯಿ ನಂದಲ್ಲ, ನಮ್ಮನೆಯವರದು. ಅವರು ಬರ್ಲಿ" ಅಂದೆ.

ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದೆಲ್ಲ ಕೇಳಿದಳು. ಮಳೆಗಾಲಕ್ಕೆ ಭಿಕ್ಷುವಾಗಿದ್ದಾರೆ ಎಂದೆ. ಸುತ್ತ ಇದ್ದವರು ಕೈ ಮುಗಿದರು, ಪುಣ್ಯವಂತೆ ಎಂದರು. ಈ ದಿನಗಳಲ್ಲಿ ನಾನು ಎಲ್ಲಿ ಹೋದರೂ ಪುಣ್ಯವಂತೆಯೇ. ಸಂತೆಯಲ್ಲಿ ಮೆಣಸಿನಕಾಯಿ ಕೂಡ ಒಂದು ಹಿಡಿ ಹೆಚ್ಚು ಹಾಕುತ್ತಾರೆ.

ಆ ವಾರವೇ ಹೊಳೆ ಏರಿತು. ಗೂಡುಗಳನ್ನು ದಂಡೆಗೆ ಎಳೆಯಲು ನಿಮ್ಮ ತಮ್ಮ ಬಂದ, ಆದರೂ ನಿಮ್ಮ ಹಾಗೆ ಹಗ್ಗ ಬಿಗಿಯಲು ಅವನಿಗೆ ಬರುವುದಿಲ್ಲ. ಒಂದು ಗೂಡು ಹೋಯಿತು. ಹೋದದ್ದು ಹೋಗಲಿ. ನೀರು ಇಳಿಯುವವರೆಗೆ ಖಾವ್‌ಜೀ ತೆಪ್ಪ ಬಿಟ್ಟು ಕದಲಲಿಲ್ಲ, ಅದನ್ನು ನಿಮಗೆ ಹೇಳಲೇಬೇಕು.

ಮಳೆ ನಿಂತ ಮೇಲೆ ನಿಮ್ಮ ಅಂಗಿಗಳನ್ನು ಬೂಸಲು ಹಿಡಿಯದಿರಲಿ ಎಂದು ಬಿಸಿಲಿಗೆ ಹಾಕಿದೆ. ಒಗೆದಿದ್ದ ಅಂಗಿಗಳೇ. ಆದರೂ ಕಂಕುಳಲ್ಲಿ ನಿಮ್ಮ ವಾಸನೆ ಇತ್ತು. ಮತ್ತೆ ಒಗೆಯಲಿಲ್ಲ, ಹಾಗೆಯೇ ಮಡಿಸಿ ಇಟ್ಟೆ.

ಬುವಾ

*

ಬೆಟ್ಟದ ವಿಹಾರ
ಸೆಪ್ಟೆಂಬರ್ ೧೯

ಬುವಾಲಾಯ್,

ಬೇಗ ಉತ್ತರಿಸಲಾಗಲಿಲ್ಲ. ಎರಡು ವಾರ ಮೌನದಲ್ಲಿದ್ದೆವು. ಗೂಡು ಹೋದ ಸುದ್ದಿ ಓದಿದಾಗ ಎದ್ದು ಓಡಿ ಬರಬೇಕು ಅನ್ನಿಸುವುದೆಂದು ಕಾದೆ. ಅನ್ನಿಸಲಿಲ್ಲ. ನಿನಗೆ ಇದನ್ನು ಹೇಳದಿರುವುದು ಸರಿಯಲ್ಲ ಎಂದು ಬರೆಯುತ್ತಿದ್ದೇನೆ.

ಈ ವಿಹಾರದಲ್ಲಿಯೂ ನಾಯಿಗಳಿವೆ. ಜನ ತಂದು ಬಿಟ್ಟು ಹೋಗುತ್ತಾರೆ. ಕಳೆದ ವಾರ ಪಟ್ಟಣದಿಂದ ಸ್ವಯಂಸೇವಕರು ಬಂದು ಗಂಡುಗಳಿಗೆಲ್ಲ ಆಪರೇಷನ್ ಮಾಡಿದರು. ಮಂಪರು ಇಳಿಯುವವರೆಗೆ ಪಕ್ಕದಲ್ಲಿ ಕೂರುವ ಕೆಲಸ ಆತ್ಮಕ್ಕೆ ಬಂತು. ಕರಿಯ ಎಂಬುದೊಂದಿದೆ, ಹಿಂದೆಲ್ಲ ಬಾಗಿಲ ಬಳಿ ನಿಂತು ಕಣಿವೆಯ ಕಡೆ ಮುಖ ಮಾಡಿ ಊಳಿಡುತ್ತಿತ್ತು. ಕೆಳಗಿನ ಊರಿನ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ನಡುಗುತ್ತಿತ್ತು. ಈಗ ಅಶ್ವತ್ಥದ ಕೆಳಗೆ ಮಲಗಿ ನಿದ್ದೆ ಮಾಡುತ್ತದೆ. ಅದು ಏನನ್ನಾದರೂ ಕಳೆದುಕೊಂಡಿದೆಯೋ, ಏನಾದರೂ ಅದನ್ನು ಬಿಟ್ಟು ಹೋಗಿದೆಯೋ, ನೋಡಿದರೆ ತಿಳಿಯುವುದಿಲ್ಲ. ನಾನು ಬಹಳ ಹೊತ್ತು ನೋಡಿದೆ.

ಖಾವ್‌ಜೀ ವಿಚಾರದಲ್ಲಿ ನಿಮಗೆ ಸರಿ ತೋರಿದಂತೆ ಮಾಡಿ. ಆತ್ಮಕ್ಕಾಗಿ ಕಾಯುವ ಅಗತ್ಯವಿಲ್ಲ.

ಶುಭವಾಗಲಿ.

ಯೂನ್ ಭಿಕ್ಷು

*

ಬಾನ್ ಹಾಟ್‌ಸಾಯ್
ಅಕ್ಟೋಬರ್ ೪

ಪೂಜ್ಯ ಲುವಾಂಗ್ ಪೀ ಅವರಲ್ಲಿ,

ನನ್ನ ಪೂರ್ತಿ ಹೆಸರು ಬರೆದ ತಮ್ಮ ಕಾಗದ ತಲುಪಿತು. ಆರಂಭದಲ್ಲಿ 'ನಿನಗೆ' ಎಂದಿದೆ, ಕೊನೆಯಲ್ಲಿ 'ನಿಮಗೆ' ಎಂದಿದೆ. ಒಂದೇ ಹಾಳೆಯ ಮೇಲಿಂದ ಕೆಳಗೆ ಬರುವಷ್ಟರಲ್ಲಿ ನಾನು ಅಷ್ಟು ದೊಡ್ಡವಳಾದೆ. ಸರಿ, ನಾನೂ 'ತಾವು' ಅನ್ನುತ್ತೇನೆ.

ಕಾಯಿ ಎಂದವರು ತಾವು. ಕಾದೆ. ಅಷ್ಟರಲ್ಲಿ ಏನಾಯಿತೆಂದು ತಮಗೆ ತಿಳಿದಿರಲಿ. ಖಾವ್‌ಜೀ ಕಾಣೆಯಾದ. ಈ ದಂಡೆಯ ಊರುಗಳನ್ನೆಲ್ಲ ನಡೆದು ಹುಡುಕಿದೆ. ಹೊಳೆ ದಾಟಿಸುವ ಲುಂಗ್ ಸೋನ್ ಕೊನೆಗೆ ಹೇಳಿದರು, ಅವರ ದೋಣಿಯಲ್ಲಿ ಈರುಳ್ಳಿ ಮೂಟೆಗಳ ನಡುವೆ ಕೂತು ಒಂದು ಕಂದುನಾಯಿ ಹೊಳೆಯಾಚೆಯ ಲಾವೋಸ್ ಕಡೆಗೆ ದಾಟಿತೆಂದು. ಟಿಕೆಟ್ ಕೇಳಲಿಲ್ಲವಾ ಎಂದು ಕೇಳಿದೆ. "ಅವನ ಮುಖ ನೋಡಿದ್ರೆ ಅರ್ಜೆಂಟ್ ಕೆಲಸ ಇರೋ ಹಾಗಿತ್ತಮ್ಮ" ಅಂದರು.

ಆಚೆ ದಂಡೆಗೆ ಹೋದೆ. ಮೊದಲ ಕೇರಿಯಲ್ಲಿಯೇ ಸಿಕ್ಕ, ಒಬ್ಬ ಮುದುಕಿಯ ಮನೆಯ ಮೆಟ್ಟಿಲ ಕೆಳಗೆ, ಅವಳ ಬಿಳಿನಾಯಿಯ ಪಕ್ಕದಲ್ಲಿ ಮಲಗಿದ್ದ. ನನ್ನನ್ನು ಕಂಡು ಬಾಲ ಆಡಿಸಿದ, ಏಳಲಿಲ್ಲ. ಆ ಮುದುಕಿ ಎಲೆಅಡಿಕೆ ಜಗಿಯುತ್ತ, "ಮನೆಅಳಿಯ ಅಂತ ಇಟ್ಕೊಂಡಿದ್ದೀವಿ. ಉಂಡಿದ್ದಕ್ಕೆ ಸರಿಯಾಗಿ ಬೊಗಳ್ತಾನೆ. ಬಿಟ್ಟು ಹೋಗಮ್ಮ, ಬರೋ ಮನಸ್ಸಿದ್ರೆ ಅವನೇ ಬರ್ತಾನೆ" ಅಂದಳು. ಬರೋ ಮನಸ್ಸಿಲ್ಲದಿದ್ದರೆ ಎಂದು ಕೇಳಿದೆ. ಅವಳು ನನಗೊಂದು ಎಲೆ ಮಡಿಸಿ ಕೊಟ್ಟಳು.

ನಾನು ಬಿಟ್ಟು ಬರಲಿಲ್ಲ. ನನ್ನ ಸೊಂಟಕ್ಕೆ ಬಿಗಿದಿದ್ದ ಬಟ್ಟೆ ಬಿಚ್ಚಿ ಅವನ ಕುತ್ತಿಗೆಗೆ ಕಟ್ಟಿ ಎಳೆದುಕೊಂಡು ಬಂದೆ. ದೋಣಿಯುದ್ದಕ್ಕೂ ಅವನು ಹಿಂದಕ್ಕೇ ನೋಡುತ್ತಿದ್ದ. ನನಗೆ ಅವನ ಮೇಲೆ ಕೋಪ ಬರಲಿಲ್ಲ, ಹೊಟ್ಟೆ ಉರಿಯಿತು. ಹೊರಡಬೇಕು ಅನ್ನಿಸಿದಾಗ ಈರುಳ್ಳಿ ಮೂಟೆ ಹತ್ತಿ ಹೊರಟುಬಿಟ್ಟನಲ್ಲ. ನನಗೂ ಬೆಟ್ಟದ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಗೊತ್ತಿತ್ತು.

ಹುಣ್ಣಿಮೆಗೆ ಊರವರ ಜೊತೆ ಬರುತ್ತೇನೆ. ತಮ್ಮ ನೀಲಿ ಅಂಗಿ, ಪ್ಯಾಂಟು ಇಸ್ತ್ರಿ ಮಾಡಿಸಿ ತರುತ್ತೇನೆ. ಚಪ್ಪಲಿ ಹೊಸದು.

ಬುವಾಲಾಯ್

*

ಬೆಟ್ಟದ ವಿಹಾರ
ಅಕ್ಟೋಬರ್ ೩೦

ಬುವಾ,

ನೀನು ಬಂದ ದಿನ ಮಾತಾಡಲಾಗಲಿಲ್ಲ. ನೀನು ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದೆ. ಎಲ್ಲರೂ ದಾನದ ವಸ್ತ್ರಗಳನ್ನು ಇಟ್ಟಾದ ಮೇಲೆ ನೀನೂ ಬಂದು ಆತ್ಮದ ಮುಂದೆ ಹಾಸಿದ್ದ ಬಟ್ಟೆಯ ಮೇಲೆ ಅಂಗಿ, ಪ್ಯಾಂಟಿನ ಆ ಚೀಲ ಇಟ್ಟೆ. ಕೈಯಿಂದ ಕೈಗೆ ಕೊಡುವಂತಿಲ್ಲವೆಂದು ಯಾರೂ ಹೇಳದೆಯೇ ನಿನಗೆ ಗೊತ್ತಿತ್ತು. ಸೊರಗಿದ್ದೀಯ. ಆತ್ಮ ಚೀಲ ಬಿಚ್ಚಲಿಲ್ಲ, ನೀನು ಅದನ್ನು ನೋಡಿದೆ, ಬಸ್ಸಿಗೆ ಹೊತ್ತಾಯಿತೆಂದು ಎಲ್ಲರಿಗಿಂತ ಮೊದಲು ಎದ್ದೆ.

ಬರುವಾಗ ನಿನ್ನ ಅಮ್ಮನ ಋಣಕ್ಕೆ ಎಂದು ಬಂದೆ. ನಿನ್ನಿಂದ ಓಡಿ ಬಂದವನಲ್ಲ. ಇದನ್ನು ನೀನು ನಂಬಬೇಕು. ಮೊದಲ ತಿಂಗಳು ದಿನವೂ ಹುಣ್ಣಿಮೆಗಳನ್ನು ಎಣಿಸಿದೆ. ಆಮೇಲೆ ಯಾವಾಗಲೋ ಎಣಿಕೆ ನಿಂತುಹೋಗಿತ್ತು. ಚಿಕ್ಕಂದಿನಿಂದ ಎದೆಯೊಳಗೆ ಏನೋ ಒಂದು ಓಡುತ್ತಲೇ ಇತ್ತು, ನಿನ್ನ ಪಕ್ಕದಲ್ಲಿ ಮಲಗಿದ್ದಾಗಲೂ. ಇಲ್ಲಿ ಅದು ನಿಂತಿದೆ. ಅದರ ಸದ್ದು ಎಷ್ಟಿತ್ತೆಂದು ನಿಂತ ಮೇಲೆ ತಿಳಿಯಿತು.

ಕಾವಿ ಕಳಚದೆ ಇಲ್ಲಿಯೇ ಉಳಿಯಬೇಕೆಂದಿದ್ದೇನೆ. ಆದರೆ ಹೆಂಡತಿಯ ಒಪ್ಪಿಗೆ ಇಲ್ಲದೆ ಗುರುಗಳು ಉಳಿಸಿಕೊಳ್ಳುವುದಿಲ್ಲ. ಒಂದು ಸಾಲು ಬರೆದು ಕಳಿಸಿದರೆ ಸಾಕು. ಬರೆಯದಿದ್ದರೂ ದೂರುವುದಿಲ್ಲ. ಬೇಡವೆಂದರೆ ಬರುತ್ತೇನೆ, ಮೊದಲಿನ ಹಾಗೆಯೇ ಇರುತ್ತೇನೆ. ಮನೆ, ದೋಣಿ, ಗೂಡುಗಳು ಯಾವತ್ತೂ ನಿನ್ನವೇ.

ಅಪ್ಪಿತಪ್ಪಿ 'ನೀನು' ಎಂದೇ ಬರೆದಿದ್ದೇನೆ. ಹಾಳೆ ಹರಿದು ಮತ್ತೆ ಬರೆಯಲು ಮನಸ್ಸಾಗಲಿಲ್ಲ.

ಯೂನ್

*

ಬಾನ್ ಹಾಟ್‌ಸಾಯ್
ಡಿಸೆಂಬರ್ ೨

ಪೀ ಯೂನ್,

ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಅಮ್ಮನ ಋಣ ಎಂದಿರಿ, ನಿಮ್ಮ ಅಮ್ಮನನ್ನು ನನ್ನ ಅಮ್ಮ ಎಂದು ಬರೆದಿದ್ದೀರಿ. ಅವರು ಬದುಕಿದ್ದಾಗ ಈ ಮಾತು ಯಾರೂ ಅನ್ನಲಿಲ್ಲ.

ಮೊದಲು ಖಾವ್‌ಜೀ ವಿಚಾರ. ಬೆಟ್ಟದಿಂದ ಬಂದ ಮೇಲೆ ತೆಪ್ಪದ ಹಲಗೆಗಳ ಮೇಲೆ ಅಲ್ಲಲ್ಲಿ ರಕ್ತದ ಹನಿ ಕಂಡೆ. ಕಾಲಿಗೆ ಮುಳ್ಳು ಎಂದುಕೊಂಡೆ. ಕಾಲಲ್ಲ, ಗಂಡಿನ ಜಾಗದಿಂದ ತೊಟ್ಟಿಕ್ಕುತ್ತಿತ್ತು. ನಿಮ್ಮ ತಮ್ಮನ ಗಾಡಿಯಲ್ಲಿ ಹಾಕಿಕೊಂಡು ಪಟ್ಟಣಕ್ಕೆ ನಾರಿನ್ ಹತ್ತಿರ ಹೋದೆ. ಒಳಗೆ ಗೆಡ್ಡೆ ಬೆಳೆದಿದೆ, ನಾಯಿಯಿಂದ ನಾಯಿಗೆ ಕೂಡುವಾಗ ಅಂಟುವ ರೋಗ ಎಂದಳು. ವಾರಕ್ಕೊಂದು ಸೂಜಿ ಕೊಟ್ಟರೆ ಗೆಡ್ಡೆ ಕರಗುತ್ತದಂತೆ. ಆದರೆ ಬೀಜ ತೆಗೆಸದಿದ್ದರೆ ಮತ್ತೆ ಹೋಗುತ್ತಾನೆ, ಮತ್ತೆ ತರುತ್ತಾನೆ, ಹೋದಲ್ಲೆಲ್ಲ ಕೊಟ್ಟೂ ಬರುತ್ತಾನೆ. ಆಗಸ್ಟಿನಲ್ಲಿಯೇ ಮಾಡಿಸಿದ್ದರೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. "ನಿಮ್ಮನೆಯವರು ಬಂದ್ರಾ?" ಎಂದು ಮಾತ್ರ ಕೇಳಿದಳು.

"ಇಲ್ಲ. ನಾನೇ ಹೇಳ್ತಾ ಇದೀನಿ, ಮಾಡಿ" ಅಂದೆ.

ಸೂಜಿಗಳು ಮುಗಿದವು, ಗೆಡ್ಡೆ ಕರಗಿತು. ಕಳೆದ ವಾರ ಆಪರೇಷನ್ ಆಯಿತು. ಮಂಪರಿನ ಸೂಜಿ ಚುಚ್ಚುವಾಗ ಅವನ ತಲೆ ಹಿಡಿದುಕೊಂಡವಳು ನಾನು. ಕಣ್ಣು ಮುಚ್ಚುವವರೆಗೂ ನನ್ನನ್ನೇ ನೋಡಿದ. ಅವನಿಗೆ ಏನು ತೆಗೆಯುತ್ತಾರೆಂದು ಗೊತ್ತಿಲ್ಲ, ಕೇಳಿದರೆ ಹೇಳಲು ಬಾಯಿಯೂ ಇಲ್ಲ. ಬೇರೆ ದಾರಿಯಿಲ್ಲದೆ ಅವನ ಪರವಾಗಿ ನಾನು ಹೂಂ ಅಂದೆ. ಬದುಕಿ ಉಳಿಯಲಿ ಎಂದು ಅಂದೆ. ಈಗ ಗಾಯ ಮಾಗುತ್ತಿದೆ, ಚೆನ್ನಾಗಿ ತಿನ್ನುತ್ತಾನೆ. ಹಳೆಯ ಅಭ್ಯಾಸ ಕೂಡಲೇ ಹೋಗುವುದಿಲ್ಲ ಎಂದು ನಾರಿನ್ ಹೇಳಿದ್ದು ನಿಜ, ಆಗಾಗ ದಡಕ್ಕೆ ಹೋಗಿ ಆಚೆ ನೋಡುತ್ತಾನೆ.

ಇನ್ನು ನಿಮ್ಮ ವಿಚಾರ. ಒಂದು ಸಾಲು ಬರೆದರೆ ಸಾಕು ಎಂದಿರಿ. ಬರೆಯುವುದಿಲ್ಲ. ನಿಮಗೆ ಬಾಯಿದೆ. ಬಂದು, ಇದೇ ಮನೆಯ ಮುಂದೆ ನಿಂತು, ನನ್ನ ಮುಖ ನೋಡಿ ಕೇಳಿ. ಆಗ ಹೇಳುತ್ತೇನೆ ಹೂಂ ಅನ್ನುತ್ತೇನೋ ಊಹೂಂ ಅನ್ನುತ್ತೇನೋ.

ಬುವಾ

*

ಬೆಟ್ಟದ ವಿಹಾರ
ಡಿಸೆಂಬರ್ ೧೪

ಬುವಾ,

ನೀನು ಹೇಳಿದ್ದು ನ್ಯಾಯ. ಕಾಗದದಲ್ಲಿ ಕೇಳಿದ್ದು ಹೇಡಿತನ ಎಂದು ಗುರುಗಳೂ ಅಂದರು. ಹೊಸ ವರ್ಷದ ಮರುದಿನ ಹಿರಿಯ ಭಿಕ್ಷು ಒಬ್ಬರ ಜೊತೆ ಬರುತ್ತೇನೆ.

ಅವನಿಗೆ ನೋವಾಯಿತೇ?

ಯೂನ್

*

ಬಾನ್ ಹಾಟ್‌ಸಾಯ್
ಜನವರಿ ೮

ಪೀ ಯೂನ್,

ಕೊನೆಯ ಸಲ ಹೀಗೆ ಕರೆಯುತ್ತೇನೆ. ಇನ್ನು ಮುಂದೆ ಬಾಯಿ ತಿದ್ದಿಕೊಳ್ಳುತ್ತೇನೆ.

ನೀವು ಬಂದ ದಿನ ಊರೇ ನಮ್ಮ ಅಂಗಳದಲ್ಲಿತ್ತು. ಬಟ್ಟಲಿಗೆ ಅನ್ನ ಹಾಕಲು ಬಂದವರೆಲ್ಲ ನಾನು ಏನು ಹೇಳುತ್ತೇನೆಂದು ಕೇಳಲು ನಿಂತರು. ನಾನು ಸಿದ್ಧಮಾಡಿಕೊಂಡಿದ್ದು ಬೇರೆಯೇ. ಬೇಡ, ಬನ್ನಿ, ಬಟ್ಟೆ ಬದಲಿಸಿ, ಮೀನಿಗೆ ಮೇವು ಹಾಕುವ ಹೊತ್ತಾಯಿತು ಎನ್ನಬೇಕೆಂದಿದ್ದೆ. ವಾರಪೂರ್ತಿ ಅದನ್ನೇ ಬಾಯಿಪಾಠ ಮಾಡಿದ್ದೆ.

ಅಷ್ಟರಲ್ಲಿ ಖಾವ್‌ಜೀ ತೆಪ್ಪದಿಂದ ಎದ್ದು ಬಂದ. ಕಾವಿಯನ್ನು ಮೂಸಿದ, ಗುರುತು ಹತ್ತಲಿಲ್ಲ. ಪಾದ ಮೂಸಿದ, ಹತ್ತಿತು. ನಿಮ್ಮ ಕಾಲ ಮೇಲೆ ಗದ್ದ ಇಟ್ಟು ಮಲಗಿಬಿಟ್ಟ. ನೀವು ಬಗ್ಗಿ ಅವನ ತಲೆ ಸವರಿದಿರಿ, ಕಿವಿಯ ಹಳೆಯ ಗಾಯದ ಮೇಲೆ ಬೆರಳಾಡಿಸಿದಿರಿ. ನಾನು ಆ ಕೈಯನ್ನೇ ನೋಡುತ್ತಿದ್ದೆ. ನಾಯಿಯನ್ನು ಮುಟ್ಟಬಹುದು, ನನ್ನನ್ನು ಮುಟ್ಟುವಂತಿಲ್ಲ. ಅಷ್ಟು ಜನರ ನಡುವೆ ಆ ನಾಯಿಯ ಜಾಗದಲ್ಲಿ ಇರಬಾರದಿತ್ತೇ ಅನ್ನಿಸಿತು. ನಾಚಿಕೆ ಬಿಟ್ಟು ಬರೆದಿದ್ದೇನೆ, ಇದು ನಿಮಗೆ ತಿಳಿದಿರಬೇಕು.

ಹಿರಿಯ ಭಿಕ್ಷುಗಳು ನಿಮಗೆ ಸನ್ನೆ ಮಾಡಿದರು. ನೀವು ಎದ್ದು ನಿಂತು, ನಾನು ಹೇಳಿದ ಹಾಗೆಯೇ, ನನ್ನ ಮುಖ ನೋಡಿದಿರಿ. "ಬುವಾ, ನಿನಗೆ ಆಗುತ್ತಾ?" ಅಂದಿರಿ. ಒಪ್ಪಿಗೆಯೇ ಎಂದು ಕೇಳಲಿಲ್ಲ, ಆಗುತ್ತಾ ಎಂದು ಕೇಳಿದಿರಿ. ಆ ಮುಖದಲ್ಲಿ ಅಲ್ಲೇ ಉಳಿಯುವ ಆಸೆ, ನನಗಾಗಿ ಬರುವ ಮನಸ್ಸು ಎರಡೂ ಕಂಡವು. ಬೇಡ ಎಂದರೆ ಖಂಡಿತ ಬರುತ್ತೀರಿ. ಬಂದು ಬಲೆ ಎಳೆಯುತ್ತೀರಿ, ಉಣ್ಣುತ್ತೀರಿ, ನನ್ನ ಪಕ್ಕ ಮಲಗುತ್ತೀರಿ. ಸೊಂಟದ ಬಟ್ಟೆ ಕಟ್ಟಿ ಎಳೆದು ತಂದವಳ ಮನೆಯಲ್ಲಿ ಇರುವ ಹಾಗೆ ಇರುತ್ತೀರಿ.

"ಆಗುತ್ತೆ" ಅಂದೆ.

ಹೆಂಗಸರು 'ಸಾಧು, ಸಾಧು' ಎಂದರು. ನೀವು ಕಣ್ಣು ಮುಚ್ಚಿಕೊಂಡಿರಿ. ಊರ ಬಾಗಿಲವರೆಗೆ ಎಲ್ಲರೂ ಬೀಳ್ಕೊಡಲು ಬಂದರು, ನಾನು ಬರಲಿಲ್ಲ. ಮೀನಿಗೆ ಮೇವು ಹಾಕುವ ಹೊತ್ತು ನಿಜವಾಗಿಯೂ ಆಗಿತ್ತು.

ಹೇಳಿದ್ದು ಸುಳ್ಳು. ನನಗೆ ಆಗುವುದಿಲ್ಲ. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಇಲ್ಲ, ನೀವು ಬರಬೇಡಿ. ಮುವಾನ್ ಚಿಕ್ಕಮ್ಮ ಮೊನ್ನೆ ನನ್ನ ಪಕ್ಕ ಬಂದು ಕೂತು ಬಹಳ ಮೆತ್ತಗೆ, "ದಿನ ಕಳೆದ ಹಾಗೆ ಕಮ್ಮಿ ಆಗುತ್ತೆ ಕಣೇ" ಅಂದಳು. ಪಾಪ, ಒಳ್ಳೆಯದಕ್ಕೇ ಅಂದಳು. ನನಗೆ ಕಮ್ಮಿ ಆಗುವುದು ಬೇಡ. ನೀವು ನಿಮ್ಮದನ್ನು ಬೆಟ್ಟದ ಮೇಲೆ ಬಿಟ್ಟಿರಿ, ಹಗುರವಾದಿರಿ, ಅದರಲ್ಲಿ ಸುಳ್ಳಿಲ್ಲ ಎಂದು ಮುಖದಲ್ಲಿಯೇ ಕಂಡೆ. ನನ್ನದನ್ನು ನಾನು ಇಟ್ಟುಕೊಳ್ಳುತ್ತೇನೆ. ಸಂಜೆಯ ಹೊತ್ತು ಅದು ನನ್ನ ಜೊತೆಗಿರುತ್ತದೆ.

ಇದಕ್ಕೆ ಉತ್ತರ ಬರೆಯಬೇಡಿ. ನಿಮ್ಮ ಅಕ್ಷರ ಕಂಡ ದಿನ ನಾನು ಯಾವ ಕೆಲಸಕ್ಕೂ ಬಾರದವಳಾಗುತ್ತೇನೆ. ನಾಳೆ ಎರಡನೆಯ ಗೂಡಿನ ಮೀನು ಹಿಡಿಯಬೇಕು.

ಬುವಾ